ನುಂಗಲು ಕಷ್ಟ, ಎಂಡೋಸ್ಕೋಪಿ ನಾರ್ಮಲ್: ರೇಡಿಯಾಲಜಿಸ್ಟ್ ಜೊತೆ ಆನ್‌ಲೈನ್ ಗುಂಪಿನ ಪ್ರಶ್ನೋತ್ತರ

ಧಾರವಾಡದ ಸದಸ್ಯೆ: ತಂದೆಯವರಿಗೆ 67 ವರ್ಷ. ನಾಲ್ಕು ತಿಂಗಳಿಂದ ರೊಟ್ಟಿ ಎದೆಯಲ್ಲೇ ನಿಲ್ಲುತ್ತಿತ್ತು. ಈಗ ಗಂಜಿಯೂ ಸರಿಯಾಗಿ ಇಳಿಯುವುದಿಲ್ಲ, ತೂಕ 11 ಕಿಲೋ ಕಡಿಮೆಯಾಗಿದೆ. ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ಬೇರಿಯಂ ಕುಡಿಸಿ ತೆಗೆದ ಎಕ್ಸ್-ರೇ ವರದಿಯಲ್ಲಿ ‘ಅನ್ನನಾಳದ ಕೆಳತುದಿ 5 ಸೆಂಟಿಮೀಟರ್ ಉದ್ದಕ್ಕೆ, ಒಂದು ಬದಿಗೆ ಹೆಚ್ಚಾಗಿ ಕಿರಿದಾಗಿದೆ, ಅಕಲೇಸಿಯಾ’ ಎಂದಿದೆ. ಬಲೂನಿನಿಂದ ಹಿಗ್ಗಿಸುತ್ತಾರಂತೆ. ಮೇದೋಜ್ಜೀರಕದ (ಪ್ಯಾಂಕ್ರಿಯಾಸ್) ಕ್ಯಾನ್ಸರಿನಿಂದಲೂ ಹೀಗಾಗುತ್ತದೆಯೇ?

ವೈದ್ಯರು: ಬಲೂನಿಗೆ ಮುಂಚೆ ಸಿಟಿ ಆಗಲಿ, ನಾಳೆಯೇ ನಿಮ್ಮ ವೈದ್ಯರಲ್ಲಿ ಕೇಳಿ. ಅಕಲೇಸಿಯಾ, ಅಂದರೆ ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗದಿರುವುದು, ಸಾಮಾನ್ಯವಾಗಿ ವರ್ಷಗಟ್ಟಲೆ ಕಾಡುವ ರೋಗ. ಅರವತ್ತು ದಾಟಿದವರಲ್ಲಿ ಕೆಲವೇ ತಿಂಗಳಲ್ಲಿ ಶುರುವಾಗಿ ತೂಕವನ್ನೂ ಇಷ್ಟು ಇಳಿಸಿದ್ದರೆ, ಅದರ ವೇಷ ತೊಟ್ಟ ಗಡ್ಡೆ ಇದೆಯೇ ಎಂದು ನೋಡದೆ ಮುಂದುವರಿಯಬಾರದು. ಇದನ್ನು ಸೂಡೊಅಕಲೇಸಿಯಾ ಎನ್ನುತ್ತೇವೆ. ಹೆಚ್ಚಿನವು ಜಠರದ ಮೇಲ್ತುದಿಯ ಕ್ಯಾನ್ಸರಿನಿಂದ ಬರುತ್ತವೆ. ಮೇದೋಜ್ಜೀರಕದಿಂದ ಬರುವುದು ಅಪರೂಪ, ಆದರೆ ಉಂಟು. ಗ್ರಂಥಿಯ ನಡುಭಾಗದ ಅಥವಾ ಬಾಲದ ಗಡ್ಡೆ ಅನ್ನನಾಳ ಜಠರವನ್ನು ಕೂಡುವ ಜಾಗಕ್ಕೆ ಹಬ್ಬಿದಾಗ, ಇಲ್ಲವೇ ಎದೆಯೊಳಗಿನ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್) ಊದಿ ಹೊರಗಿನಿಂದ ಒತ್ತಿದಾಗ, ಒಳಪದರ ಕೆಡದಿರುವುದರಿಂದ ಎಂಡೋಸ್ಕೋಪಿಗೆ ಏನೂ ಸಿಗದಿರಬಹುದು. ಬೇರಿಯಂ ಚಿತ್ರದಲ್ಲಿ ಅಕಲೇಸಿಯಾ, ಸೂಡೊಅಕಲೇಸಿಯಾ ಎರಡೂ ಹಕ್ಕಿಯ ಕೊಕ್ಕಿನಂತೆಯೇ ಕಾಣುತ್ತವೆ. ಆದರೆ ಕಿರಿದಾದ ಭಾಗ 3.5 ಸೆಂಟಿಮೀಟರಿಗಿಂತ ಉದ್ದವಿದ್ದು, ಬದಿಗಳು ಸಮನಾಗಿರದೆ, ಮೇಲಿನ ಅನ್ನನಾಳ ಅಷ್ಟಾಗಿ ಹಿಗ್ಗಿರದಿದ್ದರೆ ನನಗೆ ಅನುಮಾನ ಬರುತ್ತದೆ. ಸಿಟಿಯನ್ನು ಕಾಂಟ್ರಾಸ್ಟ್ (ರಕ್ತನಾಳಕ್ಕೆ ಕೊಡುವ ಔಷಧಿ) ಕೊಟ್ಟು, ಮೇದೋಜ್ಜೀರಕದ ಹಂತವನ್ನೂ, ಅಂದರೆ ಆ ಔಷಧಿ ಮೇದೋಜ್ಜೀರಕದಲ್ಲಿ ಚೆನ್ನಾಗಿ ತುಂಬಿದಾಗಿನ ಚಿತ್ರವನ್ನೂ ಸೇರಿಸಿ ತೆಗೆಸಿ: ಗಡ್ಡೆಯಿದ್ದರೆ ಅದು ಸಾಮಾನ್ಯವಾಗಿ ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುತ್ತದೆ. ಕಂಡರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮೂಲಕ ಸೂಜಿಯಿಂದ ಮಾದರಿ ತೆಗೆಯಬಹುದು.

ಹಾಸನದ ಸದಸ್ಯರು: ಹೊಟ್ಟೆಯ ಮೇಲಿನಿಂದ ಮಾಡುವ ಅಲ್ಟ್ರಾಸೌಂಡ್ ನಾರ್ಮಲ್ ಬಂದರೆ ಸಿಟಿ ಬಿಡಬಹುದೇ?

ವೈದ್ಯರು: ಬಿಡಬಾರದು. ಬಾಲದ ಭಾಗವನ್ನು ಹೊಟ್ಟೆಯ ಗಾಳಿ ಮರೆಮಾಡುತ್ತದೆ.

ತುಮಕೂರಿನ ಸದಸ್ಯರು: ಕಾಮಾಲೆಯೇ ಇಲ್ಲವೆಂದ ಮೇಲೆ ಇದು ಮೇದೋಜ್ಜೀರಕವಲ್ಲ. ಲಕ್ಷ್ಮಣಫಲದ ಎಲೆಯ ಕಷಾಯದ ಸಂದೇಶ ಹಾಕಿದ್ದೇನೆ, ಕುಡಿಸಿ ನೋಡಿ.

ವೈದ್ಯರು: ಕಾಮಾಲೆ ಬರುವುದು ಹೆಚ್ಚಾಗಿ ತಲೆಭಾಗದ ಗಡ್ಡೆ ಪಿತ್ತನಾಳವನ್ನು ಒತ್ತಿದಾಗ, ಬಾಲದ ಗಡ್ಡೆ ಕಣ್ಣು ಹಳದಿಯಾಗದೆಯೇ ಬೆಳೆಯಬಲ್ಲದು. ಗಂಜಿಯೇ ಇಳಿಯದವರಿಗೆ ಲೋಟಗಟ್ಟಲೆ ಕಷಾಯ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಆ ಸಂದೇಶವನ್ನು ದಯವಿಟ್ಟು ಅಳಿಸಿ.

ತುಮಕೂರಿನ ಸದಸ್ಯರು: ನೂರಾರು ಜನ ಗುಣವಾಗಿದ್ದಾರೆ.

ಮಂಗಳೂರಿನ ಸದಸ್ಯೆ: ಅವರಲ್ಲಿ ಒಬ್ಬರದ್ದಾದರೂ ಬಯಾಪ್ಸಿ ವರದಿ ಹಾಕಿ.

ತುಮಕೂರಿನ ಸದಸ್ಯರು: ನಿಮ್ಮನ್ನು ಯಾರೂ ಕೇಳಿಲ್ಲ. ನಿಮಗೆ ಆಸ್ಪತ್ರೆಯವರು ಎಷ್ಟು ಕೊಡುತ್ತಾರೆ?

ಶಿವಮೊಗ್ಗದ ಸದಸ್ಯೆ: ಅಮ್ಮನಿಗೆ 60ರ ನಂತರ ಹೊಸದಾಗಿ ಸಕ್ಕರೆ ಕಾಯಿಲೆ ಬಂದಿದೆ, ತೂಕವೂ ಇಳಿಯುತ್ತಿದೆ. ಪರೀಕ್ಷೆ ಬೇಕೇ?

ಮಂಗಳೂರಿನ ಸದಸ್ಯೆ: ಮಾತು ಹಿಂದಕ್ಕೆ ತೆಗೆದುಕೊಳ್ಳಿ. ಅಡ್ಮಿನ್ ಎಲ್ಲಿ?

ಬಳ್ಳಾರಿಯ ಸದಸ್ಯರು: ಅಲ್ಟ್ರಾಸೌಂಡ್ ಸಾಲದೇ ಡಾಕ್ಟರೇ?

ವೈದ್ಯರು: ಮೇಲೆ ಓದಿ.

ಧಾರವಾಡದ ಸದಸ್ಯೆ: ಬಲೂನ್ ಮುಂದೂಡಿದ್ದಾರೆ. ಗುರುವಾರ ಸಿಟಿ.

ವೈದ್ಯರು: ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿಯನ್ನೂ ಬೇರಿಯಂ ಫಿಲ್ಮ್‌ಗಳನ್ನೂ ಜೊತೆಗೆ ಒಯ್ಯಿರಿ.