ಕೋರ್ಸಿನ ನಿಯಮಾವಳಿ: ಹಾಜರಾತಿ, ತಡ, ನಕಲು. ಮಾಡಿ ನೋಡಿದವರು ಹೇಳಿ

ಹೊಸ ಉಪನ್ಯಾಸಕಿ: ಮೊದಲ ಸಲ ನನ್ನದೇ ಕೋರ್ಸಿಗೆ ನಿಯಮಾವಳಿ ಬರೆಯುತ್ತಿದ್ದೇನೆ. 60 ಜನರ ತರಗತಿ, 5 ಅಸೈನ್‌ಮೆಂಟ್, ಒಂದು ಟೆಸ್ಟ್, ಕೊನೆಗೊಂದು ಪ್ರಾಜೆಕ್ಟ್. ಹಾಜರಾತಿಗೆ ಅಂಕ ಇಡಲೇ? ತಡವಾದರೆ ಎಷ್ಟು ಕಡಿತ? ನಕಲು ಸಿಕ್ಕರೆ ಸೊನ್ನೆ ಸಾಕೇ?

ಗಣಿತದ ಮೇಷ್ಟ್ರು: ಹಾಜರಾತಿ ಆಮೇಲೆ ನೋಡೋಣ, ಮೊದಲು ಸೊನ್ನೆಯ ಲೆಕ್ಕ ಹಾಕಿ. ನಾಲ್ಕು ಅಸೈನ್‌ಮೆಂಟಿಗೆ 80, ಕೊಡದೇ ಇದ್ದ ಒಂದಕ್ಕೆ 0. ಸರಾಸರಿ 64. ಒಂದೇ ಒಂದು ತಪ್ಪಿಗೆ 16 ಅಂಕ ಹೋಯಿತು. ಹತ್ತತ್ತು ಅಂಕಕ್ಕೆ ಒಂದು ಗ್ರೇಡ್ ಇರುವ ಕಡೆ ಇದು ಒಂದೂವರೆ ಗ್ರೇಡಿಗಿಂತ ಹೆಚ್ಚು.

ಅದಕ್ಕೇ "ಅತಿ ಕಡಿಮೆ ಬಂದ ಒಂದನ್ನು ಬಿಡಲಾಗುವುದು" ಅಂತ ಎಲ್ಲರೂ ಬರೆಯುತ್ತಾರೆ. ಬರೆದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿರೋದಿಲ್ಲ. ಒಬ್ಬ ವಿದ್ಯಾರ್ಥಿಯ ಅಂಕ ತಗೊಳ್ಳಿ: 5ಕ್ಕೆ 2, 20ಕ್ಕೆ 11, 20ಕ್ಕೆ 18, 10ಕ್ಕೆ 9. ಕಡಿಮೆ ಯಾವುದು? ಶೇಕಡಾವಾರು ನೋಡಿದರೆ 5ಕ್ಕೆ 2. ಅದನ್ನು ಬಿಟ್ಟರೆ 50ಕ್ಕೆ 38, ಅಂದರೆ ಶೇ. 76. ಅದರ ಬದಲು 20ಕ್ಕೆ 11 ಬಿಟ್ಟರೆ 35ಕ್ಕೆ 29, ಶೇ. 82.9. ಕಡಿಮೆ ಬಂದದ್ದನ್ನು ಬಿಟ್ಟದ್ದಕ್ಕೇ ಹುಡುಗನಿಗೆ ಸುಮಾರು 7 ಅಂಕ ಖೋತಾ. ಎಲ್ಲ ಅಸೈನ್‌ಮೆಂಟಿಗೂ ಒಂದೇ ಗರಿಷ್ಠ ಅಂಕ ಇಡಿ, ಇಲ್ಲವೇ ಒಂದೇ ತೂಕ ಅಂತ ಬರೆಯಿರಿ. ಎರಡೂ ಇಲ್ಲದಿದ್ದರೆ ಈ ಜಗಳ ನಿಮ್ಮ ಬಾಗಿಲಿಗೆ ಬರುವುದು ಖಂಡಿತ.

ಇನ್ನೆರಡು ಸಾಲು ಸೇರಿಸಿ. ಒಂದು, ನಕಲಿಗೆ ಬಿದ್ದ ಸೊನ್ನೆಯನ್ನು ಬಿಡುವಂತಿಲ್ಲ. ಎರಡು, ಕೊನೆಯ ಅಸೈನ್‌ಮೆಂಟನ್ನು ಬಿಡುವಂತಿಲ್ಲ. ಎರಡನೆಯದು ಇಲ್ಲದಿದ್ದರೆ ಮೊದಲ ನಾಲ್ಕನ್ನು ಚೆನ್ನಾಗಿ ಮಾಡಿದವರು ಐದನೆಯದನ್ನು ಮುಟ್ಟುವುದೇ ಇಲ್ಲ. ಅವರ ಲೆಕ್ಕ ಸರಿಯಾಗೇ ಇರುತ್ತೆ, ನಿಮ್ಮ ಪಾಠದ ಕೊನೆಯ ಭಾಗ ಮಾತ್ರ ಯಾರಿಗೂ ಬರೋದಿಲ್ಲ.

ಕೆಂಪು ಶಾಯಿ: ಮೇಷ್ಟ್ರೇ, ಅವರು ಕೇಳಿದ್ದು ತಡದ ಬಗ್ಗೆ. "ದಿನಕ್ಕೆ ಶೇ. 10 ಕಡಿತ" ಅಂತ ಬರೆದು ಕೈತೊಳೆದುಕೊಳ್ಳಬೇಡಿ ಮೇಡಂ. ಯಾವುದರ ಶೇ. 10? 100ಕ್ಕೆ 70 ಬಂದ, ಎರಡು ದಿನ ತಡವಾದ ಕೆಲಸ ಇದೆ ಅನ್ನಿ. ಗರಿಷ್ಠ ಅಂಕದ ಮೇಲೆ ಕಡಿದರೆ 50. ಬಂದ ಅಂಕದ ಮೇಲೆ ಕಡಿದರೆ 56. ದಿನದಿನವೂ ಉಳಿದದ್ದರ ಮೇಲೆ ಕಡಿದರೆ 56.7. ಪಾಸಿನ ಗೆರೆ 55 ಇದ್ದರೆ ಮೊದಲನೆಯದರಲ್ಲಿ ಫೇಲ್, ಉಳಿದೆರಡರಲ್ಲಿ ಪಾಸ್.

"ದಿನ" ಅಂದರೆ ಏನು ಅಂತಲೂ ಬರೆಯಬೇಕು. 24 ಗಂಟೆಯೋ, ಮಧ್ಯರಾತ್ರಿ ದಾಟಿದರೆ ಒಂದು ದಿನವೋ? ರಜಾ ದಿನ ಲೆಕ್ಕಕ್ಕೆ ಇದೆಯೋ ಇಲ್ಲವೋ? ಗಡುವನ್ನು ರಾತ್ರಿ 11.59ಕ್ಕೆ ಇಡುವ ಚಾಳಿ ಬಿಡಿ. ಆ ಹೊತ್ತಲ್ಲಿ ಅಪ್‌ಲೋಡ್ ಕೈಕೊಟ್ಟರೆ ಉತ್ತರ ಹೇಳುವವರು ಯಾರೂ ಇರೋದಿಲ್ಲ. ಕೆಲಸದ ದಿನ ಸಂಜೆ 5 ಗಂಟೆ ಇಡಿ. ತಪ್ಪು ಫೈಲ್ ಹಾಕಿದವರಿಗೂ ಒಂದು ಸಾಲು ಬೇಕು: ತೆರೆಯಲಾಗದ ಫೈಲನ್ನು ಕೊಟ್ಟಿಲ್ಲ ಎಂದೇ ಎಣಿಸಲಾಗುವುದು, ಹಾಕಿದ ಮೇಲೆ ತೆರೆದು ನೋಡಿಕೊಳ್ಳುವುದು ವಿದ್ಯಾರ್ಥಿಯ ಹೊಣೆ. ಇದಿಲ್ಲದಿದ್ದರೆ ಖಾಲಿ ಫೈಲಿಗೆ ಹೆಸರಿಟ್ಟು ಎರಡು ದಿನ ಸಂಪಾದಿಸುವವರು ಹುಟ್ಟಿಕೊಳ್ಳುತ್ತಾರೆ.

ನಾನು ಪಾಲಿಸುವುದು ಖಾತೆಯ ಪದ್ಧತಿ. ಇಡೀ ಅವಧಿಗೆ ಒಬ್ಬೊಬ್ಬರಿಗೆ 3 ತಡದ ದಿನ, ಕಾರಣ ಕೇಳೋದಿಲ್ಲ. ಒಂದು ಗಂಟೆ ತಡವಾದರೂ ಪೂರ್ತಿ ಒಂದು ದಿನ ಖರ್ಚು. ಗುಂಪಿನ ಕೆಲಸವಾದರೆ ಎಲ್ಲರ ಖಾತೆಯಿಂದಲೂ ಒಂದೊಂದು ಕಡಿತ. ಅಂತಿಮ ಪ್ರಾಜೆಕ್ಟಿಗೆ ಬಳಸುವಂತಿಲ್ಲ. ಸರಿಯುತ್ತರ ಪ್ರಕಟವಾದ ಮೇಲೆ ಏನನ್ನೂ ತಗೊಳ್ಳೋದಿಲ್ಲ, ಹಾಗಾಗಿ ಉತ್ತರ ಹಾಕುವುದು ಗಡುವಾದ ನಾಲ್ಕನೇ ದಿನ. 60 ಜನ, 5 ಅಸೈನ್‌ಮೆಂಟ್ ಅಂದರೆ 300 ದಾಖಲೆ. ಉಳಿದ ದಿನ ಎಷ್ಟು ಅಂತ ಅವರವರಿಗೇ ಕಾಣುವ ಶೀಟ್ ಇಲ್ಲದಿದ್ದರೆ ನಿಮ್ಮ ಇನ್‌ಬಾಕ್ಸ್ ತುಂಬ ಅದೇ ಪ್ರಶ್ನೆ.

ಕೊನೇ ಬೆಂಚು: 3 ದಿನ ಪುಕ್ಕಟೆ ಕೊಟ್ಟರೆ ಎಲ್ಲರೂ ಮೊದಲ ಅಸೈನ್‌ಮೆಂಟಿಗೇ ಮುಗಿಸಿಕೊಳ್ಳುತ್ತಾರೆ. ನಿಜವಾಗಿ ಕಾಯಿಲೆ ಬಿದ್ದಾಗ ಕೈಯಲ್ಲಿ ಏನೂ ಉಳಿದಿರೋದಿಲ್ಲ. ಆಗ ಮತ್ತೆ ವಿನಾಯಿತಿ, ಮತ್ತೆ ಸರ್ಟಿಫಿಕೇಟ್.

ಕೆಂಪು ಶಾಯಿ: ಮುಗಿಸಿಕೊಂಡವರು ಮುಗಿಸಿಕೊಂಡರು. ದೀರ್ಘ ಕಾಯಿಲೆಗೆ ಬೇರೆ ದಾರಿ ಇದ್ದೇ ಇರುತ್ತೆ. ಎರಡು ದಿನದ ಜ್ವರಕ್ಕೆ ಸರ್ಟಿಫಿಕೇಟ್ ಕೇಳಿದರೆ ಸುಳ್ಳು ಕಾಗದ ತರುವುದನ್ನು ನೀವೇ ಕಲಿಸಿದ ಹಾಗೆ.

ಲ್ಯಾಬ್ ಮೇಡಂ: ಹಾಜರಾತಿಗೆ ಅಂಕ ಇಡಿ. ಇಡಲೇಬೇಕು. ಬರುವವರ ಅಂಕಕ್ಕೂ ಹಾಜರಾತಿಗೂ ನಂಟಿದೆ ಅನ್ನುವುದು 2010ರಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲೇ ಇದೆ. ಆದರೆ ಶೇ. 75ರ ಗೆರೆ ಎಳೆಯಬೇಡಿ. 40 ತರಗತಿಯಲ್ಲಿ 30ಕ್ಕೆ ಬಂದವನಿಗೆ ಎಲ್ಲ, 29ಕ್ಕೆ ಬಂದವನಿಗೆ ಏನೂ ಇಲ್ಲ ಅನ್ನುವುದು ಪ್ರಪಾತ. 29ನೇ ಹಾಜರಾತಿಯ ಮೇಲೇ ಇಡೀ ತಿಂಗಳು ವಾದ ನಡೆಯುತ್ತೆ. ಬಂದಷ್ಟಕ್ಕೆ ಅಂಕ ಅಂತ ಏಣಿಯ ಹಾಗೆ ಇಡಿ, ಕಾರಣ ಕೇಳದೆ 4 ಗೈರು ಬಿಡಿ.

ಹಾಜರಿ ಹಾಕುವ ವಿಧಾನ ಇದಕ್ಕಿಂತ ಮುಖ್ಯ. ಹಾಳೆ ಸುತ್ತಿಸಿದರೆ ಪ್ರಾಕ್ಸಿ. ಕ್ಯೂಆರ್ ಕೋಡ್ ತೋರಿಸಿದರೆ ಫೋಟೊ ತೆಗೆದು ಗುಂಪಿಗೆ ಕಳಿಸುತ್ತಾರೆ, ಹಾಸ್ಟೆಲಿನಲ್ಲಿ ಮಲಗಿದವನೂ ಹಾಜರು. 15 ಸೆಕೆಂಡಿಗೊಮ್ಮೆ ಕೋಡ್ ಬದಲಾಗುವ ಹಾಗಿದ್ದರೆ ಸ್ವಲ್ಪ ಪರವಾಗಿಲ್ಲ, ವಿಡಿಯೊ ಕರೆಯಲ್ಲಿ ತೋರಿಸುವವರನ್ನು ಅದೂ ತಡೆಯೋದಿಲ್ಲ. ಕೆಲಸ ಮಾಡುವುದು ಚೀಟಿ: ತರಗತಿ ಮುಗಿಯಲು 5 ನಿಮಿಷ ಇದ್ದಾಗ ಅವತ್ತಿನ ಪಾಠದ ಮೇಲೆ ಒಂದು ಪ್ರಶ್ನೆ, ಕೈಬರಹದಲ್ಲಿ ಎರಡು ಸಾಲು. 26 ಚೀಟಿಯಲ್ಲಿ ಉತ್ತಮವಾದ 20 ಲೆಕ್ಕಕ್ಕೆ. ಒಂದೇ ಕೈಬರಹದ ಎರಡು ಚೀಟಿ ತಕ್ಷಣ ಕಣ್ಣಿಗೆ ಬೀಳುತ್ತೆ.

ಕೊನೇ ಬೆಂಚು: ಬಂದು ಕೂತದ್ದಕ್ಕೆ ಅಂಕ ಅಂದರೆ ಲಂಚ. ಗ್ರೇಡ್ ಹೇಳಬೇಕಾದದ್ದು ವಿಷಯ ಎಷ್ಟು ಬಂತು ಅಂತ. ಹಾಜರಾತಿ ಇದ್ದವರಿಗೆ ಅಂಕ ಹೆಚ್ಚು ಅನ್ನುತ್ತೀರಿ. ಓದುವ ಮನಸ್ಸಿದ್ದವರು ಬರುತ್ತಾರೆ, ಓದುತ್ತಾರೆ ಕೂಡ. ಬಲವಂತವಾಗಿ ಕೂರಿಸಿದವನಿಗೂ ಅಂಕ ಏರುತ್ತೆ ಅಂತ ಅದರಿಂದ ಹೇಗೆ ಹೇಳ್ತೀರಿ?

ಲ್ಯಾಬ್ ಮೇಡಂ: ಚೀಟಿಯಲ್ಲಿರೋದು ಪ್ರಶ್ನೆ, ಕೂತದ್ದಕ್ಕಲ್ಲ ಅಂಕ. ಪೂರ್ತಿ ಓದಿ ಸ್ವಾಮಿ. ಲ್ಯಾಬಿಗೆ ಬರದೇ ಉಪಕರಣ ಮುಟ್ಟದವನಿಗೆ ವಿಷಯ "ಎಷ್ಟು ಬಂತು" ಅಂತ ಅಳೆಯುವುದು ಹೇಗೆ, ಅದನ್ನೂ ಹೇಳಿ.

ಕೊನೇ ಬೆಂಚು: ಅವರದು ಲ್ಯಾಬ್ ಅಂತ ಯಾರು ಹೇಳಿದರು? ನಿಮ್ಮ ಲ್ಯಾಬಿನ ನಿಯಮ ಎಲ್ಲರ ತಲೆ ಮೇಲೂ ಹೇರಬೇಡಿ.

ಪಕ್ಕದ ವಿಭಾಗ: ಜಗಳ ಆಮೇಲೆ ಆಡಿ. ನಕಲಿನ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ನಕಲು ಪತ್ತೆ ತಂತ್ರಾಂಶ ತೋರಿಸುವ ಹೋಲಿಕೆಯ ಶೇಕಡಾವಾರು ಅಂದರೆ ನಕಲು ಅಲ್ಲ, ಇದನ್ನು ಮೊದಲ ಸಾಲಾಗಿ ಬರೆಯಿರಿ. ಪ್ರಶ್ನೆಯ ಪಠ್ಯ, ಆಕರಗಳ ಪಟ್ಟಿ, ಉದ್ಧರಣೆ ಸೇರಿಯೇ ವರದಿ ಶೇ. 30 ದಾಟಬಹುದು. ಶೇ. 8 ಇದ್ದರೂ ಅದು ಎಲ್ಲಿಂದಲೋ ಎತ್ತಿದ ಒಂದಿಡೀ ಪ್ಯಾರಾ ಆಗಿರಬಹುದು. ಆಕರಪಟ್ಟಿ, ಉದ್ಧರಣೆ, ಸಣ್ಣ ಹೊಂದಿಕೆಗಳನ್ನು ಸೆಟ್ಟಿಂಗ್‌ನಲ್ಲಿ ತೆಗೆದು, ಬಣ್ಣ ಹಾಕಿದ ಭಾಗವನ್ನು ಕಣ್ಣಾರೆ ಓದಿ. ಅಚ್ಚರಿ ಹುಟ್ಟಿಸುವಷ್ಟು ಶುದ್ಧವಾದ ಶೇ. 0 ಬಂದರೆ ಫೈಲನ್ನೇ ಪರೀಕ್ಷಿಸಿ. ಲ್ಯಾಟಿನ್ ಅಕ್ಷರದ ಜಾಗದಲ್ಲಿ ಹಾಗೇ ಕಾಣುವ ಸಿರಿಲಿಕ್ (ರಷ್ಯನ್ ಲಿಪಿಯ) ಅಕ್ಷರ ಕೂರಿಸುವುದು, ಪಠ್ಯವನ್ನೇ ಚಿತ್ರವಾಗಿ ಅಂಟಿಸುವುದು, ಬಿಳಿ ಬಣ್ಣದಲ್ಲಿ ಉದ್ಧರಣೆ ಚಿಹ್ನೆ ಹಾಕುವುದು, ಇವೆಲ್ಲ ಹಳೇ ಆಟ. ಪಠ್ಯವನ್ನು ಆಯ್ಕೆ ಮಾಡಿ ಸಾದಾ ಟೆಕ್ಸ್ಟ್ ಫೈಲಿಗೆ ಅಂಟಿಸಿದರೆ ಬಿಳಿ ಚಿಹ್ನೆಗಳು ಕಾಣುತ್ತವೆ. ಒಂದು ಮಾಮೂಲಿ ಪದವನ್ನು ನೀವೇ ಟೈಪ್ ಮಾಡಿ ಹುಡುಕಿ. ಕಣ್ಣಿಗೆ ಕಾಣುವ ಪದ ಹುಡುಕಾಟದಲ್ಲಿ ಸಿಗದಿದ್ದರೆ ಅಕ್ಷರ ಬದಲಾಗಿರಬಹುದು, ಇಲ್ಲವೇ ಪಠ್ಯ ಚಿತ್ರವಾಗಿರಬಹುದು.

ಎಐ ಪತ್ತೆ ಸಾಧನದ ಅಂಕಿ ನೋಡಿ ಶಿಕ್ಷೆ ಕೊಡಬೇಡಿ. ತಪ್ಪು ಶೇ. 1 ಮಾತ್ರ ಅಂತಲೇ ಇಟ್ಟುಕೊಳ್ಳಿ. ಎಲ್ಲರೂ ತಾವೇ ಬರೆದಿದ್ದರೂ ನಿಮ್ಮ 300 ಸಲ್ಲಿಕೆಯಲ್ಲಿ 3 ಜನ ಕಳ್ಳರಾಗುತ್ತಾರೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಕಡಿಮೆ ಅಂತ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫೋರ್ಡ್ ಸಂಶೋಧಕರು 7 ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಕೈಯಾರೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚು ಯಂತ್ರದ್ದು ಅನ್ನಿಸಿಕೊಂಡವು. ಅದರ ಬದಲು ಕರಡು ಉಳಿಸಿಕೊಳ್ಳಬೇಕು ಅಂತ ನಿಯಮ ಮಾಡಿ, ಅನುಮಾನ ಬಂದರೆ 10 ನಿಮಿಷ ಬಾಯಿಪರೀಕ್ಷೆ: ಈ ಪದ ಯಾಕೆ ಬಳಸಿದೆ, ಈ ಹಂತದಲ್ಲಿ ಸಂಖ್ಯೆ ಬದಲಾದರೆ ಏನಾಗುತ್ತೆ. ಬಾಯಿಪರೀಕ್ಷೆ ಕರೆಯುವ ಹಕ್ಕು ನಿಮಗಿದೆ ಅಂತ ಮೊದಲ ದಿನವೇ ಬರೆದಿರಬೇಕು, ಇಲ್ಲದಿದ್ದರೆ "ನನ್ನೊಬ್ಬನನ್ನೇ ಯಾಕೆ" ಅನ್ನುವುದಕ್ಕೆ ಉತ್ತರ ಇರೋದಿಲ್ಲ. ಮಾತಾಡುವಾಗ ಇನ್ನೊಬ್ಬ ಅಧ್ಯಾಪಕರು ಜೊತೆಗಿರಲಿ. ಆಡಿದ ಮಾತನ್ನು ಬರೆದಿಟ್ಟು ಅವತ್ತೇ ಸಹಿ ಹಾಕಿಸಿ.

"ಎಐ ನಿಷಿದ್ಧ" ಅನ್ನುವ ಒಂದು ಸಾಲು ಸಾಲದು. ವ್ಯಾಕರಣ ತಿದ್ದಿಸಬಹುದೇ, ಅನುವಾದ ಮಾಡಿಸಬಹುದೇ, ಕೋಡಿನ ತಪ್ಪು ಹುಡುಕಿಸಬಹುದೇ, ಅಸೈನ್‌ಮೆಂಟಿಗೊಂದರಂತೆ ಬರೆಯಿರಿ.

ಗಣಿತದ ಮೇಷ್ಟ್ರು: ನಕಲು ಕೊಟ್ಟವನಿಗೂ ಅಷ್ಟೇ ಶಿಕ್ಷೆ ಅಂತ ಸೇರಿಸಿ.

ಲ್ಯಾಬ್ ಮೇಡಂ: ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಂಚಿಕೊಂಡ ಕಂಪ್ಯೂಟರಿನಲ್ಲಿ ಬಿಟ್ಟುಹೋದ ಫೈಲನ್ನು ಕದ್ದರೆ ಮಾಲೀಕನಿಗೂ ಸೊನ್ನೆಯೇ?

ಗಣಿತದ ಮೇಷ್ಟ್ರು: ಕದ್ದದ್ದು ಬೇರೆ, ಕೊಟ್ಟದ್ದು ಬೇರೆ. ಫೈಲನ್ನು ಗುಂಪಿಗೆ ಹಾಕಿದವನು ಎಮ್ಮೆಯಲ್ಲ. "ಬಾಯಲ್ಲಿ ಚರ್ಚಿಸಿ, ಬರೆದದ್ದನ್ನು ಹೊತ್ತೊಯ್ಯಬೇಡಿ" ಅಂತ ಒಂದು ಸಾಲಿದ್ದರೆ ಗೆರೆ ಸ್ಪಷ್ಟ.

ಹೊಸ ಉಪನ್ಯಾಸಕಿ: ನಮಸ್ಕಾರ, ಲ್ಯಾಬ್ ಇಲ್ಲ, ಥಿಯರಿ ಮಾತ್ರ. ಟೆಸ್ಟಿಗೆ ಎಷ್ಟು ತೂಕ ಅಂತ ಯಾರಾದರೂ ಹೇಳ್ತೀರಾ?

ಕೊನೇ ಬೆಂಚು: ಥಿಯರಿ ಮಾತ್ರ! ನೋಡಿದಿರಾ ಲ್ಯಾಬ್ ಮೇಡಂ?

ಕೆಂಪು ಶಾಯಿ: ತೂಕ ಎಷ್ಟಾದರೂ ಇರಲಿ, ಪೂರ್ಣಾಂಕಕ್ಕೆ ಏರಿಸುವುದು ಕೊನೆಗೊಮ್ಮೆ ಮಾತ್ರ ಅಂತ ಬರೆಯಿರಿ. 17.5, 26.5, 15.5 ಕೂಡಿದರೆ 59.5, ಏರಿಸಿದರೆ 60. ಬಿಡಿಬಿಡಿಯಾಗಿ ಏರಿಸಿ ಕೂಡಿದರೆ 18, 27, 16, ಒಟ್ಟು 61.

ಗಣಿತದ ಮೇಷ್ಟ್ರು: ಏರಿಸುವುದೇ ತಪ್ಪು. 59.5 ಅಂದರೆ 60 ಅಲ್ಲ.

ಕೆಂಪು ಶಾಯಿ: ಅರ್ಧ ಅಂಕದ ನಿಖರತೆ ನಿಮ್ಮ ಪ್ರಶ್ನೆಪತ್ರಿಕೆಗೆ ಇದೆಯೇ ಮೇಷ್ಟ್ರೇ? ಅದೇ ಉತ್ತರವನ್ನು ವಾರ ಬಿಟ್ಟು ನೀವೇ ತಿದ್ದಿದರೆ ಎರಡು ಅಂಕ ಆಚೀಚೆ ಆಗುತ್ತೆ.

ಗಣಿತದ ಮೇಷ್ಟ್ರು: ಅದಕ್ಕೆ ಮರುಮೌಲ್ಯಮಾಪನ ಇದೆ. ಅಂಕ ಕೊಟ್ಟು 24 ಗಂಟೆ ಕಳೆದ ಮೇಲೆ, 7 ದಿನದೊಳಗೆ, ಯಾವ ಪ್ರಶ್ನೆ, ಯಾಕೆ ಅಂತ ಬರಹದಲ್ಲಿ. ಇಡೀ ಪತ್ರಿಕೆಯನ್ನು ಮತ್ತೆ ತಿದ್ದುತ್ತೇನೆ, ಅಂಕ ಇಳಿಯಲೂಬಹುದು.

ಪಕ್ಕದ ವಿಭಾಗ: ಇಳಿಯಬಹುದು ಅನ್ನುವ ಸಾಲು ಬೆದರಿಕೆ. ನ್ಯಾಯವಾದ ದೂರು ಇದ್ದವರೂ ಹೆದರಿ ಸುಮ್ಮನಾಗುತ್ತಾರೆ.

ಗಣಿತದ ಮೇಷ್ಟ್ರು: ಆ ಸಾಲು ತೆಗೆದು ನೋಡಿ. 60 ಪತ್ರಿಕೆಯಲ್ಲಿ 40 ವಾಪಸ್ ಬರದಿದ್ದರೆ ಕೇಳಿ.