ಹುಬ್ಬಳ್ಳಿ-ಧಾರವಾಡ ದಿನಾ ಓಡಾಟಕ್ಕ ಇವಿ ಸ್ಕೂಟರ್: ಬ್ಯಾಟರಿ ಸಮೇತ ತಗೊಳ್ಳೋದಾ, ಬ್ಯಾಟರಿಗೆ ತಿಂಗಳಾ ರೊಕ್ಕ ಕಟ್ಟೋದಾ?

ಪ್ರಶ್ನೆ: ಅಣ್ಣಾರ ನಮಸ್ಕಾರ್ರೀ. ನಾವು ಹುಬ್ಬಳ್ಳಿ ವಿದ್ಯಾನಗರದಾಗ ಬಾಡಗಿ ಮನ್ಯಾಗ ಇದ್ದೀವಿ, ಫಸ್ಟ್ ಫ್ಲೋರ್. ನಾ ದಿನಾ ಧಾರವಾಡ ಸಪ್ತಾಪುರಕ್ಕ ಕೆಲಸಕ್ಕ ಹೋಗ್ತೀನಿ, ಮದ್ಲ ಚಿಗರಿ ಬಸ್ಸಿಗೆ ಹೋಗ್ತಿದ್ದೆ, ಈಗ ಮಗಳನ್ನ ಸಾಲಿಗೆ ಬಿಟ್ಟು ಹೋಗಬೇಕಾಗೇದ ಅದಕ್ಕ ಹಳೇ ಪೆಟ್ರೋಲ್ ಸ್ಕೂಟರ್ ಮ್ಯಾಲ ಹೊಂಟೀನಿ, ಹೋಗಿ ಬಂದು 40 ಕಿಲೋಮೀಟರ್ ಆಗ್ತದ. ಶೋರೂಮ್‌ನಾಗ ಹೀರೋ ಕಂಪನಿದು ವಿಡಾ ವಿಎಕ್ಸ್2 ಗೋ ಅನ್ನೋ ಕರೆಂಟ್ ಸ್ಕೂಟರ್ ತೋರಿಸಿದ್ರು. ಬ್ಯಾಟರಿ ಸಮೇತ ಒಂದು ಲಕ್ಷದ ಹತ್ರ, ಬ್ಯಾಟರಿ ಬಿಟ್ಟು ತಗೊಂಡ್ರ 60 ಸಾವಿರದ ಹತ್ರ, ಆಮ್ಯಾಲ ಕಿಲೋಮೀಟರಿಗೆ 96 ಪೈಸೆ ಕಟ್ಟಬೇಕಂತ. 40 ಸಾವಿರ ಉಳೀತದಲ್ಲ ಅಂತ ಮನಸು ಆ ಕಡೆನೇ ಎಳಿಯಾಕತ್ತೇದ. ನೀವು ಗಾಡಿ ಕೆಲಸದವ್ರು, ಏನ್ ಮಾಡ್ಲಿ ಹೇಳ್ರಿ.

ಉತ್ತರ: ಅಕ್ಕಾರ, 40 ಸಾವಿರ ಉಳಿಯಂಗಿಲ್ರಿ, ಮುಂದಕ್ಕ ಹೋಗ್ತೈತಿ ಅಷ್ಟ. ನೀವು ದಿನಕ್ಕ 40 ಅಂದ್ರ ತಿಂಗಳಿಗೆ 25 ದಿನ ಹಿಡಿದ್ರೂ 1,000 ಕಿಲೋಮೀಟರ್ ಆತು, ಅಂದ್ರ ತಿಂಗಳಾ 960 ರೂಪಾಯಿ ಬ್ಯಾಟರಿಗೆ, ಕರೆಂಟ್ ಖರ್ಚು ಬ್ಯಾರೆ. ಮೂರೂವರಿ ವರ್ಷದಾಗ ಆ 40 ಸಾವಿರ ಕಟ್ಟಿ ಮುಗಿಸಿರ್ತೀರಿ, ಅದಾದ ಮ್ಯಾಲೂ ಎಷ್ಟ ತಿಂಗಳು ಕಟ್ಟಬೇಕು, ಕೊನಿಗೆ ಬ್ಯಾಟರಿ ಯಾರದ್ದಾಗ್ತೈತಿ ಅನ್ನೋದು ಕಾಗದದಾಗ ಬರ್ದಿರ್ತೈತಿ, ಅದನ್ನ ಓದದ ಸಹಿ ಮಾಡಬ್ಯಾಡ್ರಿ. ಬಾಳ ಕಡೆ ಇದು ಫೈನಾನ್ಸ್ ಕಂಪನಿ ಕೊಡೋ ಸಾಲನ, ಹೆಸರಷ್ಟ ಬ್ಯಾರೆ. ನಿಮ್ಮಷ್ಟು ಓಡ್ಸೋರು ಬ್ಯಾಟರಿ ಸಮೇತನ ತಗೋಬೇಕ್ರಿ. ಪೂರ್ತಿ ರೊಕ್ಕ ಕೈಯಾಗ ಇಲ್ಲಂದ್ರ ಆ 40 ಸಾವಿರಕ್ಕ ಸಾಲ ಮಾಡಿದ್ರೂ ಬಡ್ಡಿ ಹಿಡಿದು ಲೆಕ್ಕಾ ಹಾಕಿ ನೋಡ್ರಿ, ಎರಡು ವರ್ಷದ ಸಾಲ ಆದ್ರ ಕಂತು 960ಕ್ಕಿಂತ ಹೆಚ್ಚ ಬರ್ತೈತಿ, ಆದ್ರ ಎರಡು ವರ್ಷಕ್ಕ ಮುಗೀತೈತಿ, ಬ್ಯಾಟರಿ ನಿಮ್ಮದಾಗ್ತೈತಿ.

ಇನ್ನ ಗಾಡಿ ವಿಷಯ. ನಿಮಗ ತೋರಿಸಿರೋ ಗೋದಾಗ 2.2 ಕಿಲೋವ್ಯಾಟ್ ಅವರ್ (ಬ್ಯಾಟರ್ಯಾಗ ಎಷ್ಟು ಯೂನಿಟ್ ಕರೆಂಟ್ ಹಿಡೀತೈತಿ ಅನ್ನೋ ಲೆಕ್ಕ) ಬ್ಯಾಟರಿ, ಕಂಪನಿ 92 ಕಿಲೋಮೀಟರ್ ಅಂತ ಹೇಳ್ತೈತಿ, ಅದು ಟೆಸ್ಟಿನ ಲೆಕ್ಕ. ನಮ್ಮ ರೋಡಿನಾಗ 60ರಿಂದ 65 ಹಿಡೀರಿ. ಉಣಕಲ್ ದಾಟಿ ನವಲೂರು ಕಡೆ ಏರು ಐತಿ, ಹಿಂದ ಮಗಳು ಕುಂತಿರ್ತಾಳ, ಸಾಲಿಗೆ ಲೇಟ್ ಆತಂತ ನೀವು 60ರ ಸ್ಪೀಡ್ ಹಿಡೀತೀರಿ, ಸ್ಪೀಡ್ ಹೆಚ್ಚಾದಂಗ ಗಾಳಿ ಎದುರಾಗಿ ಚಾರ್ಜ್ ಸರ್ರಂತ ಇಳೀತೈತಿ. ಇವತ್ತ 40 ಸಲೀಸು ಹೋಗ್ತೈತಿ, ಆದ್ರ ನಾಕು ವರ್ಷಕ್ಕ ಬ್ಯಾಟರಿ ತಾಕತ್ತು ಕಮ್ಮಿ ಆದಾಗ ನೀವು ರಾಯಾಪುರ ಹತ್ರ ಮೀಟರ್ ನೋಡ್ಕೋತ ಹೊಡಿಯೋ ಹಂಗ ಆಗಬಾರ್ದು. ಯಾವ ಕಂಪನಿದಾದ್ರೂ ಸರಿ, 3 ಕಿಲೋವ್ಯಾಟ್ ಅವರ್ ಮ್ಯಾಲಿನ ಬ್ಯಾಟರಿ ನೋಡ್ರಿ.

ಪ್ರಶ್ನೆ: ಕರೆಂಟ್ ಬಿಲ್ ಎಷ್ಟ ಬರ್ತದ್ರಿ? ನಮ್ಮದು ಗೃಹಜ್ಯೋತಿ ಅದ, ಬಿಲ್ ಸೊನ್ನೆ ಬರ್ತದ.

ಉತ್ತರ: ಇದನ್ನ ಯಾರೂ ಹೇಳಂಗಿಲ್ಲ ನೋಡ್ರಿ, ಚಲೋ ಆತು ಕೇಳಿದ್ರಿ. 1,000 ಕಿಲೋಮೀಟರಿಗೆ ಹತ್ತಹತ್ರ 35 ಯೂನಿಟ್ ಬೇಕು. ಗೃಹಜ್ಯೋತಿ ಅಂದ್ರ 200 ಯೂನಿಟ್ ತನಕಾ ಎಲ್ಲಾ ಪುಕ್ಕಟೆ ಅಲ್ರಿ, 2022-23ರಾಗ ನಿಮ್ಮ ಮೀಟರಿನ ತಿಂಗಳಾ ಸರಾಸರಿ ಎಷ್ಟಿತ್ತೋ ಅಷ್ಟು, ಅದರ ಮ್ಯಾಲ 10% ಸೇರಿಸಿ, ಅಷ್ಟ ಪುಕ್ಕಟೆ. ಅದನ್ನ ದಾಟಿದ್ದಕ್ಕ ರೊಕ್ಕ ಕಟ್ಟಬೇಕು, 200 ದಾಟಿದ್ರ ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್ಟಿಗೆ ಎಲ್ಲಾ ಸೇರಿ 7 ರೂಪಾಯಿ ಹಿಡಿದ್ರ 245 ಆತು. ಈಗ 45 ಮೈಲೇಜಿನ್ಯಾಗ 22 ಲೀಟರ್ ಪೆಟ್ರೋಲ್ ಹಾಕ್ಸಾಕತ್ತೀರಿ, ಎರಡು ಸಾವಿರದ ಮ್ಯಾಲ ಹೊಂಟೈತಿ, ಅದರ ಮುಂದ 245 ಏನೂ ಅಲ್ಲ. ಆದ್ರ ಬ್ಯಾಸಗಿಯಾಗ ಫ್ಯಾನ್ ಕೂಲರ್ ಸೇರಿ 170-180 ಬರ್ತಿದ್ರ ಹುಷಾರ್ರೀ, ಸ್ಕೂಟರ್ ಸೇರಿ 200 ದಾಟಿಬಿಡ್ತೈತಿ.

ಗಾಡಿ ಬುಕ್ ಮಾಡೋಕಿಂತ ಮದ್ಲ ಮನಿ ಮಾಲಕರನ್ನ ಕೇಳ್ರಿ. ನಿಮ್ಮ ಮೀಟರಿಂದನ ಕೆಳಗ ಪಾರ್ಕಿಂಗಿಗೆ ಬ್ಯಾರೆ ಲೈನ್ ಎಳಿಸಿ 16 ಆಂಪ್ ಸಾಕೆಟ್, ಎಂಸಿಬಿ (ಲೋಡ್ ಹೆಚ್ಚಾದ್ರ ತಾನ ಬಂದ್ ಆಗೋ ಸ್ವಿಚ್), ಅರ್ಥಿಂಗ್ ಮಾಡಿಸ್ರಿ. ಹೋದ ವರ್ಷ ನನ್ನ ಕಡೆ ಒಬ್ರು ಬಂದಿದ್ರು, ಮ್ಯಾಲಿಂದ ಕಿಟಕ್ಯಾಗ ಎಕ್ಸ್‌ಟೆನ್ಶನ್ ಬಾಕ್ಸ್ ಇಳಿಬಿಟ್ಟು ರಾತ್ರಿಪೂರ್ತಿ ಚಾರ್ಜಿಗೆ ಹಾಕ್ತಿದ್ರು, ಪ್ಲಗ್ ಕರಗಿ ಚಾರ್ಜರ್ ಹೋಗಿತ್ತು, ಮನ್ಯಾಗ ಸಣ್ಣ ಹುಡುಗ್ರಿದ್ರು, ನೆನಸಿಕೊಂಡ್ರ ಈಗ್ಲೂ ಎದಿ ಝಲ್ ಅಂತೈತಿ. ಬ್ಯಾಟರಿ ತಗ್ದು ಮ್ಯಾಲ ಒಯ್ಯೋ ಗಾಡಿ ಆದ್ರ ಶೋರೂಮಿನ್ಯಾಗನ ಎತ್ತಿ ನೋಡ್ರಿ, 10 ಕೆಜಿ ಮ್ಯಾಲ ಇರ್ತೈತಿ, ದಿನಾ ಸಂಜೀಕ ಮಗಳ ಚೀಲದ ಜೊತಿ ಪಾವಟಿಗಿ ಹತ್ತೋದು ನಿಮ್ಮಿಂದ ಆಗ್ತೈತೋ ಇಲ್ಲೋ ಗೊತ್ತಾಗ್ತೈತಿ.

ಇನ್ನೊಬ್ರ ಪ್ರಶ್ನೆ: ಅಣ್ಣಾ ನಾವು ಗದಗದವ್ರು, ಬೆಟಗೇರಿಯಿಂದ ಅಂಗಡಿಗೆ ದಿನಕ್ಕ 8 ಕಿಲೋಮೀಟರ್ ಅಷ್ಟ. ನಮಗೂ ಬ್ಯಾಟರಿ ಸಮೇತನ ಚಲೋ ಏನು?

ಉತ್ತರ: ನಿಮಗ ಲೆಕ್ಕ ಉಲ್ಟಾ ಐತಿ ತಮ್ಮಾ. ತಿಂಗಳಿಗೆ 200 ಕಿಲೋಮೀಟರಿಗೆ 192 ರೂಪಾಯಿ, ಆ 40 ಸಾವಿರ ಮುಟ್ಟೋಕ 17 ವರ್ಷ ಬೇಕು, ಹಂಗಾಗಿ ಬಾಡಗಿ ಬ್ಯಾಟರಿ ನಿಮಗ ಸೋವಿ ಬೀಳಬಹುದು. ಆದ್ರ ತಿಂಗಳಿಗೆ ಇಷ್ಟು ಕಿಲೋಮೀಟರಿಂದು ಕಟ್ಟಲೇಬೇಕು ಅಂತ ಷರತ್ತು ಐತೇನು ಕೇಳ್ರಿ, ಇದ್ರ ಓಡ್ಸದ ರೊಕ್ಕ ಹೋಗ್ತೈತಿ. ಇನ್ನೊಂದು, ನಿಮಗ ಪೆಟ್ರೋಲ್ ಖರ್ಚು ಈಗ ತಿಂಗಳಾ 450-500 ಅಷ್ಟ ಬರ್ತಿರಬೇಕು. ಇದ್ದ ಗಾಡಿ ಚಲೋ ಓಡಾಕತ್ತಿದ್ರ ಅದನ್ನ ಓಡಸ್ರಿ, ಕೆಟ್ಟ ಮ್ಯಾಲ ನೋಡೋಣಂತ. ತಗೊಳ್ಳೋದೇ ಆದ್ರ ಸರ್ವಿಸ್ ಗದಗದಾಗ ಐತೋ ಹುಬ್ಬಳ್ಳಿಗೆ ಬರಬೇಕೋ ಅದನ್ನ ಮದ್ಲ ಕೇಳ್ರಿ.

ಮದ್ಲ ಪ್ರಶ್ನೆ ಕೇಳಿದ ವಿದ್ಯಾನಗರದ ಅಕ್ಕಾರು: ಅಣ್ಣಾರ, ಮಾಲಕರು ಲೈನ್ ಎಳಿಸ್ಕೋರಿ ಅಂದ್ರು, ಖರ್ಚು ನಮ್ಮದಂತ. ಮನಿ ಬಿಡೋವಾಗ ಏನ್ ಮಾಡೋದ್ರಿ?

ಉತ್ತರ: ವೈರ್ ಗ್ವಾಡಿ ಒಳಗ ಹಾಕಸಬ್ಯಾಡ್ರಿ, ಹೊರಗ ಪೈಪಿನ್ಯಾಗ ಎಳಿಸ್ರಿ, ಬಿಡೋವಾಗ ಬಿಚ್ಚಿಕೊಂಡು ಹೋಗಬಹುದು. ಇಲೆಕ್ಟ್ರಿಶಿಯನ್ ಕೆಲಸ ಮುಗಿಸಿದ ಮ್ಯಾಲ ಅರ್ಥಿಂಗ್ ಚೆಕ್ ಮಾಡಿ ತೋರ್ಸು ಅನ್ರಿ, ಆಮ್ಯಾಲ ರೊಕ್ಕ ಕೊಡ್ರಿ.