450 ಹೆಲಿಗೆ ಮೆಟಲ್ ಟೇಲ್ ಹಾಕಿದ ಮೇಲೆ ಬಾಲ ನಿಲ್ಲುತ್ತಿಲ್ಲ, ಗೇನ್ ಇಳಿಸಿದರೂ ಅದೇ ಪಾಡು

ಬೆಣ್ಣೆನಗರಿ450 (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ 450 ದರ್ಜೆಯ ಹೆಲಿ (ರಿಮೋಟ್‌ನಲ್ಲಿ ಹಾರಿಸುವ ಮಾದರಿ ಹೆಲಿಕಾಪ್ಟರ್) ಹಾರಿಸುತ್ತಿದ್ದೇನೆ. ಬೆಲ್ಟ್ ಡ್ರೈವ್, 325 ಮಿ.ಮೀ. ಮೇನ್ ಬ್ಲೇಡ್, 3ಎಸ್ 2200 ಬ್ಯಾಟರಿ, ಮೂಗಿನ ದಿಕ್ಕನ್ನು ಹಿಡಿದಿಡುವ ಹೆಡಿಂಗ್ ಹೋಲ್ಡ್ ಜೈರೋ, ಅದು ಹೇಳಿದಂತೆ ಟೇಲ್ ಬ್ಲೇಡಿನ ಕೋನ ಬದಲಿಸುವ ಡಿಜಿಟಲ್ ಟೇಲ್ ಸರ್ವೋ. ಹೋದ ತಿಂಗಳು ಇಳಿಸುವಾಗ ಟೇಲ್ ಬ್ಲೇಡ್ ಹುಲ್ಲಿಗೆ ಸಿಕ್ಕಿ ಬ್ಲೇಡ್ ಹಿಡಿದಿಡುವ ಒಂದು ಪ್ಲಾಸ್ಟಿಕ್ ಗ್ರಿಪ್ ಸೀಳಿತು. ಹೇಗೂ ಬಿಚ್ಚಬೇಕಲ್ಲ ಅಂತ ಇಡೀ ಟೇಲನ್ನೇ ಅಲ್ಯೂಮಿನಿಯಂಗೆ ಬದಲಾಯಿಸಿದೆ: ಕೇಸ್, ಹಬ್ (ಗ್ರಿಪ್‌ಗಳು ಕೂರುವ ನಡುಭಾಗ), ಗ್ರಿಪ್, ಸ್ಲೈಡರ್ (ಶಾಫ್ಟ್ ಮೇಲೆ ಜಾರಿ ಬ್ಲೇಡಿನ ಕೋನ ಬದಲಿಸುವುದು), ಬೆಲ್‌ಕ್ರ್ಯಾಂಕ್ (ಸರ್ವೋದ ಎಳೆತವನ್ನು ಸ್ಲೈಡರ್‌ಗೆ ಮುಟ್ಟಿಸುವ ತೋಳು). ಬೂಮ್ (ಬಾಲದ ಕೊಳವೆ), ಬೆಲ್ಟ್, ಸರ್ವೋ, ಜೈರೋ ಎಲ್ಲ ಹಳೆಯವೇ.

ಮೊದಲ ಹೋವರ್‌ನಲ್ಲೇ ಬಾಲ ಪಟಪಟ ನಡುಗಿತು. ಗೇನ್ (ಜೈರೋ ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸೆಟ್ಟಿಂಗ್) 72ರಿಂದ 60ಕ್ಕೆ ಇಳಿಸಿದೆ, ಆ ನಡುಕ ಹೋಯಿತು. ಆದರೆ ಈಗ ಬಾಲ ನಿಧಾನಕ್ಕೆ ಅತ್ತಿತ್ತ ತೂಗುತ್ತೆ, ಸೆಕೆಂಡಿಗೆ ಒಂದು ಸಲದ ಲೆಕ್ಕದಲ್ಲಿ. ಪಿಚ್ (ಮೇನ್ ಬ್ಲೇಡಿನ ಕೋನ) ಏರಿಸಿದರೆ ಮೂಗು ಎಡಕ್ಕೆ ಎಳೆದುಕೊಂಡು ಹೋಗಿ ತಡವಾಗಿ ವಾಪಸ್ ಬರುತ್ತೆ. 55ಕ್ಕೆ ಇಳಿಸಿದರೆ ತೂಗಾಟ ಜಾಸ್ತಿ, 66ಕ್ಕೆ ಏರಿಸಿದರೆ ಮತ್ತೆ ನಡುಕ. ಇವೆರಡರ ನಡುವೆ ಒಳ್ಳೆಯ ಜಾಗವೇ ಸಿಗುತ್ತಿಲ್ಲ. ಲಿಂಕ್ ಕಳಚಿ ಸ್ಲೈಡರ್ ತಳ್ಳಿ ನೋಡಿದೆ, ಸಲೀಸಾಗಿ ಓಡುತ್ತೆ. ಜೈರೋ ಹೋಗಿರಬಹುದಾ? ಹೊಸದು ತರಿಸಲು ಹೊರಟಿದ್ದೆ, ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ಧಾರವಾಡ_ಪಿಚ್

ಜೈರೋ ತರಸಬ್ಯಾಡ್ರಿ ಸರ್, ಸ್ವಲ್ಪ ತಡೀರಿ. ಮೆಟಲ್ ಹಾಕೋಕಿಂತ ಮೊದಲು ಅದೇ ಜೈರೋ, ಅದೇ ಸರ್ವೋ ಚೊಲೋ ಹಿಡೀತಿದ್ವು ಅಂದ್ರ ತಪ್ಪು ನೀವು ಹೊಸದಾಗಿ ಜೋಡಿಸಿದ್ದರಾಗ ಐತಿ. ಮೂರು ಮಾತು ಕೇಳ್ತೀನಿ.

ಬೆಲ್ಟ್ ಎಷ್ಟು ಬಿಗಿ ಇಟ್ಟೀರಿ? ಬೂಮ್ ಹಿಂದಕ್ಕ ಎಳದು ಸ್ಕ್ರೂ ಬಿಗಿ ಮಾಡುವಾಗ ಜಾಸ್ತಿ ಆಗ್ತದ. ಬೆಲ್ಟ್ ಒಳಗ ತಿರುವು ಸರಿ ಬಂದೈತೇನ್ರಿ? ಟೇಲ್ ರೋಟರ್ ತಿರುಗುವಾಗ ಮ್ಯಾಲಿನ ಬ್ಲೇಡ್ ಹಿಂದಕ್ಕ, ಕೆಳಗಿನ ಬ್ಲೇಡ್ ಮೂಗಿನ ಕಡೆ ಹೋಗಬೇಕು. ಇನ್ನ ಹೊಸ ಬೆಲ್‌ಕ್ರ್ಯಾಂಕ್ ಹಳೇದ್ರ ಪಕ್ಕಕ್ಕ ಇಟ್ಟು ನೋಡ್ರಿ, ತೋಳಿನ ಉದ್ದ ಒಂದೇ ಐತೋ ಇಲ್ಲೋ. ಸರ್ವೋ ಅಷ್ಟೇ ತಿರುಗಿದ್ರೂ ಸ್ಲೈಡರ್ ಜಾಸ್ತಿ ಓಡಿದ್ರ, ಗೇನ್ ತಾನಾಗೇ ಏರಿದಂಗ ಆಗ್ತದ. ಮೊದಲ ದಿನದ ನಡುಕಕ್ಕ ಅದ ಕಾರಣ ಇರಬಹುದು.

ಯಲಹಂಕ_ರೋಟರ್

ಇದರ ಜೊತೆಗೆ ಒಂದು ಮಾತು: ಸರ್ವೋ ಬದಲಾಯಿಸುವ ಯೋಚನೆ ಬಂದರೆ ಪಲ್ಸ್ (ಸರ್ವೋಗೆ ಬರುವ ಸಿಗ್ನಲ್‌ನ ಅವಧಿ) ನೋಡಿಯೇ ಕೊಳ್ಳಿ. ಕೆಲವು ಟೇಲ್ ಸರ್ವೋಗಳು 760 ಮೈಕ್ರೋಸೆಕೆಂಡಿನವು. ಅದಕ್ಕೆ 1520ರ ಸಿಗ್ನಲ್ ಕೊಟ್ಟರೆ ಕೊನೆಯವರೆಗೆ ಹೋಗಿ ಒತ್ತಿಕೊಂಡು ನಿಂತು ಸುಟ್ಟೇ ಹೋಗಬಹುದು. ಇನ್ನು ಬೆಲ್ಟ್ ಟೇಲ್‌ನಲ್ಲಿ ಸ್ಟ್ಯಾಟಿಕ್ ಕರೆಂಟ್ ಹುಟ್ಟುವುದೂ ಉಂಟು, ಅದಕ್ಕೆ ಬೂಮ್‌ನಿಂದ ಮೋಟರ್ ಮೌಂಟ್‌ಗೆ ಒಂದು ತೆಳು ವೈರ್ ಎಳೆಯುತ್ತಾರೆ. ಆದರೆ ಸ್ಟ್ಯಾಟಿಕ್ ಆದರೆ ಆಗೊಮ್ಮೆ ಈಗೊಮ್ಮೆ ಛಟ್ ಅಂತ ಒದೆಯುತ್ತೆ, ಹೀಗೆ ಒಂದೇ ಸಮ ತೂಗುವುದಿಲ್ಲ.

ಬೆಣ್ಣೆನಗರಿ450

ಇಬ್ಬರಿಗೂ ಥ್ಯಾಂಕ್ಸ್. ತಿರುಗುವ ದಿಕ್ಕು ಸರಿ ಇದೆ. ಬೆಲ್ಟ್ ಬೆರಳಲ್ಲಿ ಒತ್ತಿದರೆ ಬಗ್ಗುತ್ತೆ, ಎರಡು ಬದಿ ಒಂದಕ್ಕೊಂದು ತಾಗುವಷ್ಟು ಸಡಿಲವೇನೂ ಇಲ್ಲ. ಬೆಲ್‌ಕ್ರ್ಯಾಂಕ್ ವಿಷಯ ನೀವು ಹೇಳಿದ್ದು ನಿಜ, ಹೊಸದರ ತೋಳು ಸ್ವಲ್ಪ ಉದ್ದ. ಸರ್ವೋ ಆರ್ಮ್‌ನಲ್ಲಿ ಬಾಲ್ ಅನ್ನು ಒಂದು ತೂತು ಒಳಕ್ಕೆ ತಂದೆ. ಈಗ 70ರ ತನಕ ನಡುಕ ಇಲ್ಲ. ಆದರೆ ನಿಧಾನದ ತೂಗಾಟ ಹಾಗೇ ಇದೆ, ಪಿಚ್ ಕೊಟ್ಟಾಗ ಎಡಕ್ಕೆ ಜಾರುವುದೂ ಹಾಗೇ ಇದೆ.

ಇನ್ನೊಂದು: ನೆಲದ ಮೇಲೆ ರಡ್ಡರ್ (ಬಾಲ ತಿರುಗಿಸುವ ಸ್ಟಿಕ್) ಕೊಟ್ಟು ಬಿಟ್ಟರೆ ಸ್ಲೈಡರ್ ನಡುವಿಗೆ ಬರುವುದಿಲ್ಲ, ಒಂದು ಕಡೆಗೇ ಹೋಗಿ ನಿಲ್ಲುತ್ತೆ. ಇದೂ ತೊಂದರೆಯಾ?

ಮಲ್ಪೆ_ಗಾಳಿ

ಅದು ತೊಂದರೆ ಅಲ್ಲ ಮಾರಾಯ್ರೆ. ಹೆಡಿಂಗ್ ಹೋಲ್ಡ್‌ನಲ್ಲಿ ಜೈರೋ "ನಾನು ತಿರುಗು ಅಂದೆ, ಹೆಲಿ ತಿರುಗಲಿಲ್ಲ" ಅಂತ ತಳ್ಳುತ್ತಲೇ ಇರುತ್ತದೆ. ನೆಲದ ಮೇಲೆ ಹಾಗೆಯೇ ಆಗಬೇಕು, ಅದನ್ನು ಬಿಡಿ.

ನಿಮ್ಮ ಮೊದಲನೇ ಪೋಸ್ಟ್‌ನಲ್ಲಿ ಒಂದು ಮಾತು ಉಂಟಲ್ಲ, ಟೇಬಲ್ ಮೇಲೆ ಸ್ಲೈಡರ್ ಸಲೀಸಾಗಿ ಓಡುತ್ತದೆ ಅಂತ. ನನಗೆ ಸಂಶಯ ಅಲ್ಲೇ. ಗೇನ್ ಜಾಸ್ತಿ ಆದರೆ ನಡುಕ ಬೇಗ ಬೇಗ ಇರುತ್ತದೆ. ನಿಧಾನಕ್ಕೆ ತೂಗಿದರೆ ಒಂದೋ ಗೇನ್ ತೀರ ಕಡಿಮೆ, ಇಲ್ಲವೋ ಎಲ್ಲೋ ಹಿಡಿದುಕೊಳ್ಳುತ್ತದೆ, ಅಥವಾ ಲಿಂಕ್‌ನಲ್ಲಿ ಸಡಿಲ ಉಂಟು. ನಿಮ್ಮ ಗೇನ್ ಕಡಿಮೆ ಇಲ್ಲ. ಹೊಸ ಸಾಮಾನಿನಲ್ಲಿ ಅಷ್ಟು ಸಡಿಲವೂ ಇರಲಿಕ್ಕಿಲ್ಲ. ಹಾಗಾದರೆ ಉಳಿದದ್ದು ಹಿಡಿತ. ಟೇಬಲ್ ಮೇಲೆ ಕಾಣದ ಹಿಡಿತ.

ಲೆಕ್ಕ ಹಾಕಿ ನೋಡಿ. ತಲೆ, ಅಂದರೆ ಮೇನ್ ರೋಟರ್, 2600 ಆರ್‌ಪಿಎಂ ತಿರುಗಿದರೆ ಬಾಲ ಅದರ ನಾಲ್ಕೂಕಾಲು ಪಟ್ಟು, ಅಂದರೆ ಸುಮಾರು 11,000. ಬ್ಲೇಡು, ಗ್ರಿಪ್ಪು ಸೇರಿ 2 ಗ್ರಾಂ ತೂಕ, ಅದು ನಡುವಿನಿಂದ 5 ಸೆಂ.ಮೀ. ದೂರ ಅಂತ ಇಟ್ಟುಕೊಂಡರೂ ಅದನ್ನು ಹೊರಕ್ಕೆ ಎಳೆಯುವ ಬಲ 13 ಕೆಜಿ ಮೀರುತ್ತದೆ. ಎರಡು ಗ್ರಾಂ ವಸ್ತುವಿಗೆ ಒಂದು ಗ್ಯಾಸ್ ಸಿಲಿಂಡರಿನ ಒಳಗಿನಷ್ಟು ಭಾರ ನೇತು ಹಾಕಿದ ಹಾಗೆ. ಆ ಭಾರ ಹೊತ್ತುಕೊಂಡೇ ಗ್ರಿಪ್ ಸಲೀಸಾಗಿ ತಿರುಗಬೇಕು. ನಿಮ್ಮ ಹಳೆಯ ಪ್ಲಾಸ್ಟಿಕ್ ಗ್ರಿಪ್‌ನಲ್ಲಿ ಬರೀ ಸಾದಾ ಬೇರಿಂಗ್ ಇದ್ದಿರಬೇಕು. ಮೆಟಲ್ ಗ್ರಿಪ್‌ನಲ್ಲಿ ಈ ಭಾರ ಹೊರಲಿಕ್ಕೆ ಅಂತಲೇ ಥ್ರಸ್ಟ್ ಬೇರಿಂಗ್ ಕೊಡುತ್ತಾರೆ: ಎರಡು ವಾಷರ್, ನಡುವೆ ಗುಂಡುಗಳ ಸಾಲು. ಆ ಎರಡು ವಾಷರ್ ಒಂದೇ ಅಲ್ಲ. ಕಣ್ಣಿಗೆ ಒಂದೇ ಕಾಣುತ್ತದೆ, ಆದರೆ ಒಂದರ ತೂತು ಚೂರು ದೊಡ್ಡದು.

ತೂತು ದೊಡ್ಡದಿರುವುದು ಹಬ್ ಕಡೆಗೆ, ಒಳಗೆ ಬರಬೇಕು. ಅದು ಗ್ರಿಪ್ ಜೊತೆ ತಿರುಗುತ್ತದೆ, ಬೋಲ್ಟಿಗೆ ತಾಗಬಾರದು. ತೂತು ಸಣ್ಣದಿರುವುದು ಹೊರಗೆ, ಬೋಲ್ಟಿನ ತಲೆಯ ಕಡೆಗೆ. ಅದಲು ಬದಲಾದರೆ ಟೇಬಲ್ ಮೇಲೆ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಭಾರವೇ ಇಲ್ಲ. ತಿರುಗಲಿಕ್ಕೆ ಶುರುವಾದ ಮೇಲೆ ಕಚ್ಚಿಕೊಳ್ಳುತ್ತದೆ. ಸರ್ವೋ ತಳ್ಳುತ್ತದೆ, ಬ್ಲೇಡ್ ತಡ ಮಾಡುತ್ತದೆ, ಜೈರೋ ಇನ್ನೂ ತಳ್ಳುತ್ತದೆ, ಆಮೇಲೆ ಒಮ್ಮೆಲೇ ಬಿಡುತ್ತದೆ. ನಿಮ್ಮ ತೂಗಾಟ ಅದೇ ಅಂತ ನನಗೆ ಕಾಣುತ್ತದೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಬ್ಯಾಟರಿ ತೆಗೆದಿಡಿ, ಲಿಂಕ್ ಕಳಚಿ. ಎರಡು ಕೈಯಲ್ಲಿ ಎರಡು ಟೇಲ್ ಬ್ಲೇಡ್ ಹಿಡಿದು ಹೊರಕ್ಕೆ ಚೆನ್ನಾಗಿ ಎಳೆದುಕೊಂಡಿರಿ. ಆಗ ಮನೆಯವರು ಯಾರಾದರೂ ಬೆಲ್‌ಕ್ರ್ಯಾಂಕನ್ನು ಬೆರಳಲ್ಲಿ ಆಚೀಚೆ ಮಾಡಲಿ. ಎಳೆಯದೆ ಇರುವಾಗಿಗೂ ಎಳೆದಾಗಿಗೂ ವ್ಯತ್ಯಾಸ ಉಂಟೋ ಹೇಳಿ.

ಬೆಣ್ಣೆನಗರಿ450

ಮಲ್ಪೆಯವರೇ, ಇವತ್ತು ಸಂಜೆ ಮಗಳನ್ನು ಕೂರಿಸಿಕೊಂಡು ಮಾಡಿದೆ. ನಾನು ಎಳೆದು ಹಿಡಿದ ತಕ್ಷಣ ಅವಳೇ ಹೇಳಿದಳು, "ಅಪ್ಪಾ, ಈಗ ಗಟ್ಟಿ ಆಯ್ತು" ಅಂತ. ಮರಳು ಸೇರಿದ ಹಾಗೆ ಕಿರಕಿರ ಅಂತಿತ್ತಂತೆ.

ಬಿಚ್ಚಿದೆ. ಒಂದು ಗ್ರಿಪ್ ಸರಿ ಇತ್ತು, ಇನ್ನೊಂದರಲ್ಲಿ ವಾಷರ್ ಉಲ್ಟಾ. ವಾಷರ್‌ಗಳನ್ನು ಬೋಲ್ಟಿಗೆ ತೂರಿಸಿ ನೋಡಿದರೆ ಒಂದು ಬಿಗಿಯಾಗಿ ಕೂರುತ್ತೆ, ಇನ್ನೊಂದು ಅಲ್ಲಾಡುತ್ತೆ. ಬರೀ ಕಣ್ಣಲ್ಲಿ ನೋಡಿದ್ದರೆ ನನಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಬೇರಿಂಗ್‌ನಲ್ಲಿ ಗ್ರೀಸ್ ಕೂಡ ಇರಲಿಲ್ಲ. ಉಲ್ಟಾ ಇದ್ದ ವಾಷರ್ ಮೇಲೆ ಗೀರು ಬಿದ್ದಿದೆ. ಅದನ್ನೇ ಹಾಕಬಹುದಾ?

ಮಲ್ಪೆ_ಗಾಳಿ

ಬೇಡ. ಗೀರು ಬಿದ್ದ ಬೇರಿಂಗ್ ಇಡೀ ಸೆಟ್ ಬದಲಿಸಿ, ಜೈರೋ ಬೆಲೆಯ ಮುಂದೆ ಅದು ಏನೂ ಅಲ್ಲ. ವಾಷರ್‌ನ ಗೆರೆ ಇರುವ ಮುಖ ಗುಂಡುಗಳ ಕಡೆಗೆ ಬರಲಿ, ಗ್ರೀಸ್ ತುಂಬಿ. ಬೋಲ್ಟನ್ನು ಸ್ಪಿರಿಟ್‌ನಲ್ಲಿ ಒರೆಸಿ ಎಣ್ಣೆ ತೆಗೆದು, ನೀಲಿ ಥ್ರೆಡ್‌ಲಾಕ್ (ಬೋಲ್ಟ್ ಸಡಿಲವಾಗದ ಹಾಗೆ ಹಿಡಿಯುವ ಅಂಟು) ತುದಿಗೆ ಮಾತ್ರ ಒಂದು ಚುಕ್ಕೆ ಹಚ್ಚಿ. ಅದು ಬೇರಿಂಗ್ ಒಳಗೆ ಹೋದರೆ ಈಗಿನದಕ್ಕಿಂತ ಗಟ್ಟಿ ಹಿಡಿದುಕೊಳ್ಳುತ್ತದೆ. ಆದರೆ ಥ್ರೆಡ್‌ಲಾಕ್ ಹಾಕದೆ ಮಾತ್ರ ಹಾರಿಸಬೇಡಿ. ಆ 13 ಕೆಜಿ ಹೊರುವುದು ಆ ಸಣ್ಣ ಬೋಲ್ಟೇ.

ಜೋಡಿಸಿದ ಮೇಲೆ ಅದೇ ಎಳೆಯುವ ಪರೀಕ್ಷೆ ಮತ್ತೆ ಮಾಡಿ. ಆಮೇಲೆ ಜೈರೋವನ್ನು ರೇಟ್ ಮೋಡ್‌ಗೆ (ತಿರುಗುವುದನ್ನು ತಡೆಯುತ್ತದೆ, ದಿಕ್ಕು ಹಿಡಿದಿಡುವುದಿಲ್ಲ) ಹಾಕಿ ಹೋವರ್ ಮಾಡಿ. ಮೂಗು ಒಂದು ಕಡೆ ಜಾರಿದರೆ ರಿಮೋಟಿನ ಟ್ರಿಮ್ ಮುಟ್ಟಬೇಡಿ, ಬೂಮ್ ಮೇಲಿರುವ ಸರ್ವೋವನ್ನೇ ಚೂರು ಹಿಂದೆ ಮುಂದೆ ಸರಿಸಿ. ರೇಟ್ ಮೋಡ್‌ನಲ್ಲಿ ನಿಂತರೆ ಮಾತ್ರ ಹೆಡಿಂಗ್ ಹೋಲ್ಡ್‌ಗೆ ಹೋಗಿ.

ಧಾರವಾಡ_ಪಿಚ್

ತೂಕಾನೂ ಮರೀಬ್ಯಾಡ್ರಿ. ಮೆಟಲ್ ಟೇಲ್ 10 ಗ್ರಾಂ ಜಾಸ್ತಿ ಆತಂದ್ರ, ಮೇನ್ ಶಾಫ್ಟಿನಿಂದ ಅದು 43 ಸೆಂ.ಮೀ. ದೂರ. 180 ಗ್ರಾಂ ಬ್ಯಾಟರಿಯನ್ನ ಎರಡೂವರೆ ಸೆಂ.ಮೀ. ಹತ್ತಿರ ಮುಂದಕ್ಕ ತಂದ್ರ ಸರಿಹೋಗ್ತದ.

ಬೆಣ್ಣೆನಗರಿ450

ಬೇರಿಂಗ್ ಬಂತು, ಹಾಕಿದೆ. ಮಗಳು ಪರೀಕ್ಷೆ ಮಾಡಿ "ಈಗ ಮೆತ್ತಗಿದೆ" ಅಂದಳು. ರೇಟ್ ಮೋಡ್‌ನಲ್ಲಿ ಸರ್ವೋವನ್ನು 3 ಮಿ.ಮೀ. ಸರಿಸಬೇಕಾಯಿತು. ಬ್ಯಾಟರಿ ಮುಂದಕ್ಕೆ ಬಂತು. ಇವತ್ತು ಬೆಳಗ್ಗೆ ನಾಲ್ಕು ಬ್ಯಾಟರಿ ಹಾರಿಸಿದೆ, ಗೇನ್ 68. ಪಿಚ್ ಒಮ್ಮೆಲೇ ಕೊಟ್ಟರೂ ಮೂಗು ಅಲುಗಲಿಲ್ಲ. ಪ್ಲಾಸ್ಟಿಕ್ ಇದ್ದಾಗಲೂ ಬಾಲ ಇಷ್ಟು ಗಟ್ಟಿಯಾಗಿ ನಿಂತಿರಲಿಲ್ಲ.

ಬಲಕ್ಕೆ ಜೋರಾಗಿ ತಿರುಗಿಸಿ ನಿಲ್ಲಿಸಿದಾಗ ಒಂದೇ ಒಂದು ಸಲ ಹಿಂದಕ್ಕೆ ಪುಟಿಯುತ್ತೆ. ಅದಕ್ಕೆ ಗೇನ್ ಇಳಿಸಲೋ, ಜೈರೋದ ಡಿಲೇ (ನಿಧಾನದ ಸರ್ವೋಗೆ ಸಮಯ ಕೊಡುವ ಸೆಟ್ಟಿಂಗ್) ಮುಟ್ಟಲೋ?

ಮಲ್ಪೆ_ಗಾಳಿ

ಮೊದಲು ಗೇನ್ ಎರಡು ಇಳಿಸಿ ನೋಡಿ. ಡಿಜಿಟಲ್ ಸರ್ವೋಗೆ ಡಿಲೇ ಸೊನ್ನೆಯಲ್ಲೇ ಇರಲಿ. ಹಾರಿಸಿ ಹೇಳಿ.